ಶೀಲ ಸಮಿತಿಯ ತುರ್ತು ಟಪಾಲು

ಸವದತ್ತಿಯ ನಿವೃತ್ತ ಆವಕ ಗುಮಾಸ್ತರಾದ ರಘೋತ್ತಮರಾಯರ ಮನೆಗೆ ದಿನಕ್ಕೆ ಸರಾಸರಿ ನಲವತ್ತು ಇ-ಮೇಲ್ ಬರುತ್ತವೆ. ಇವುಗಳಲ್ಲಿ ಮೂವತ್ತೊಂಬತ್ತು ಯಾರಿಗೂ ಬೇಡವಾದವು. ಆದಾಗ್ಯೂ ಇಲ್ಲಿಯವರೆಗೆ ಒಂದನ್ನೂ ಓದದೆ ಅಳಿಸಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ.

ದೃಢೀಕರಿಸುವವನು ನಾನು, ಸೋಮಪ್ಪ. ನವಿಲುತೀರ್ಥದ ಒಂದು ಕಚೇರಿಯಲ್ಲಿ ನಾವಿಬ್ಬರೂ ಮೂವತ್ತನಾಲ್ಕು ವರ್ಷ ಎದುರುಬದುರು ಕುಂತವರು. ಒಳಗೆ ಬರುವ ಕಾಗದ ಅವರದು, ಹೊರಗೆ ಹೋಗುವ ಕಾಗದ, ಅಂದರೆ ಜಾವಕ, ನನ್ನದು. ನಡುವೆ ಕಾಗದ ಎಲ್ಲಿ ಮಲಗುತ್ತಿತ್ತು ಎಂಬುದು ನಮ್ಮಿಬ್ಬರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ನಿವೃತ್ತಿಯ ಮೇಲೆ ಪಿಂಚಣಿಗೆಂದು ರಾಯರು ಒಂದು ಇ-ಮೇಲ್ ವಿಳಾಸ ಮಾಡಿಸಿದರು. ಇಡೀ ಮನೆಗೆ ಅದೊಂದೇ. ಟಪಾಲು ಒಂದೇ ಬಾಗಿಲಿನಿಂದ ಒಳಗೆ ಬರಬೇಕು ಎಂಬುದು ಅವರ ಮತ. ಪಾಸ್‌ವರ್ಡ್ ಬರೆದ ಚೀಟಿ ಟ್ರಂಕಿನಲ್ಲಿದೆ, ಟ್ರಂಕಿನ ಕೀಲಿ ಅವರ ಜನಿವಾರದಲ್ಲಿದೆ.

ಬಂದದ್ದೆಲ್ಲ ರಜಿಸ್ಟರಿಗೆ ಏರುತ್ತದೆ, ನಂಬರು ಬೀಳುತ್ತದೆ, ಸರದಿ ಪ್ರಕಾರ ದಿನಕ್ಕೆ ಹದಿನೈದಕ್ಕೆ ಉತ್ತರ ಹೋಗುತ್ತದೆ. ಪರದೇಶದ ವಿಧವೆಯೊಬ್ಬಳು ಗಂಡನ ಆಸ್ತಿಯನ್ನೆಲ್ಲ ರಾಯರಿಗೆ ಬರೆಯುತ್ತೇನೆಂದಳು. “ತಮ್ಮ ಯಜಮಾನರ ನಿಧನದ ಸುದ್ದಿ ತಿಳಿದು ವಿಷಾದವಾಯಿತು. ಮರಣ ದಾಖಲೆಯ ದೃಢೀಕೃತ ಪ್ರತಿ ಲಗತ್ತಿಸಿ ಮರುಸಲ್ಲಿಸತಕ್ಕದ್ದು” ಎಂದು ಉತ್ತರ ಹೋಯಿತು. ಬೋಳುತಲೆಗೆ ಕೂದಲು ತರಿಸುವವರಿಗೆ “ಸದ್ಯ ಬೇಡಿಕೆ ಇರುವುದಿಲ್ಲ” ಎಂದು ಹೋಯಿತು. ಇಷ್ಟು ಮರ್ಯಾದೆಯಿಂದ ಉತ್ತರ ಕೊಡುವ ಮನುಷ್ಯ ಇನ್ನೂ ಬದುಕಿದ್ದಾನೆಂದು ಗೊತ್ತಾಗಿ, ಲೋಕದ ಕಸವೆಲ್ಲ ಸವದತ್ತಿಯ ಹಾದಿ ಹಿಡಿಯಿತು. ಉತ್ತರ ಒತ್ತಿ ಕಳಿಸುವುದು ನಾನು. ಜಾವಕ ನನ್ನದಲ್ಲವೆ.

ಒಂದು ಮುಂಜಾನೆ ಹೊಲಸು ಟಪಾಲು ಬಂತು. ವಿಷಯ: ‘ನಿಮ್ಮ ಊರಿನ ಒಂಟಿ ಯುವತಿ ನಿಮಗಾಗಿ ಕಾಯುತ್ತಿದ್ದಾಳೆ.’ ರಾಯರು ನಂಬರು ಬರೆಯುವಾಗ ಅವರ ಹೆಂಡತಿ ಯಮುನಾಬಾಯಿ ಚಹಾ ಹಿಡಿದು ಬೆನ್ನ ಹಿಂದೆ ನಿಂತಿದ್ದರು.

“ಅಲ್ರೀ, ನಮ್ಮೂರಾಗ ಯಾರಿಕಿ?”

“ನನಗೇನ ಗೊತ್ತು? ಪಾಳಿ ಬಂದಾಗ ಕೇಳೋಣಂತ.”

“ಪಾಳಿ ಯಾವಾಗ ಬರ್ತದ?”

“ಇನ್ನೂ ಒಂದು ತಿಂಗಳದ.”

“ಅಲ್ಲೀತನಕಾ ಇಕಿ ನಮ್ಮ ಮನ್ಯಾಗ ಇರೂದೇನು?”

ಚಹಾ ಹಾಗೆಯೇ ಒಳಗೆ ಹೋಯಿತು. ಮೂರು ದಿನ ಹೊರಗೆ ಬರಲಿಲ್ಲ. ನನ್ನ ಚಹಾ ಕೂಡ. ನಾಲ್ಕನೆಯ ದಿನ ರಾಯರು ಅಡುಗೆಮನೆಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದರು:

“ಅಸಭ್ಯ ವಿಷಯವುಳ್ಳ ಯಾವುದೇ ಟಪಾಲು ದೀಪ ಹಚ್ಚುವ ಹೊತ್ತಿನ ನಂತರ ಈ ಮನೆಯಲ್ಲಿ ತಂಗತಕ್ಕದ್ದಲ್ಲ. ಸದರಿಯನ್ನು ಸರದಿ ಲೆಕ್ಕಿಸದೆ ಶೀಲ ಸಮಿತಿಯ ಮುಂದೆ ತೆರೆದು, ಪೂರ್ತಿ ಓದಿ, ಅಂದೇ ವಿಲೇವಾರಿ ಮಾಡತಕ್ಕದ್ದು. ಅಧ್ಯಕ್ಷರು: ಯಮುನಾಬಾಯಿ. ಸದಸ್ಯ ಕಾರ್ಯದರ್ಶಿ: ರಘೋತ್ತಮ. ಬಾಹ್ಯ ಸದಸ್ಯ: ಸೋಮಪ್ಪ.”

ಅಧ್ಯಕ್ಷರು ಬತ್ತಿ ಹೊಸೆಯುತ್ತ ಸಭೆಗೆ ಕೂಡುತ್ತಿದ್ದರು. ಯುವತಿಗೆ ಉತ್ತರವನ್ನು ತಾವೇ ಹೇಳಿ ಬರೆಸಿದರು: “ಕಾಯುವ ಅವಶ್ಯಕತೆ ಇರುವುದಿಲ್ಲ. ಕೂಡಲೇ ಮನೆಗೆ ಹೋಗತಕ್ಕದ್ದು.” ಇಂಥ ಟಪಾಲು ದಿನಾ ನಾಲ್ಕಾರು ಬರುತ್ತಿದ್ದರಿಂದ, ಅವರ ಲಕ್ಷಬತ್ತಿಯ ಹರಕೆ ಅರ್ಧಕ್ಕರ್ಧ ಈ ಸಭೆಗಳಲ್ಲೇ ಮುಗಿಯಿತು.

ಪೇಚಿಗೆ ಸಿಕ್ಕವಳು ಮಗಳು ಹರಿಪ್ರಿಯಾ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ನಾಲ್ಕು ವರ್ಷದಿಂದ ಒಮ್ಮೆ ಬೈಲಹೊಂಗಲ, ಒಮ್ಮೆ ರಾಮದುರ್ಗ ಎಂದು ಅತಿಥಿ ಶಿಕ್ಷಕಿಯಾಗಿ ಬಸ್ಸಿನಲ್ಲಿ ನಿಂತು ನಿಂತು ಸಾಕಾದ ಹುಡುಗಿ. ಕಿತ್ತೂರಿನ ಒಂದು ಶಾಲೆಯಲ್ಲಿ ಕಾಯಂ ಹುದ್ದೆಗೆ ಅರ್ಜಿ ಹಾಕಿದ್ದಳು. ಆ ಶಾಲೆಯಿಂದ ಟಪಾಲು ಬಂತು. ವಿಷಯ: ‘ಸಂದರ್ಶನಕ್ಕೆ ಹಾಜರಾಗುವ ಒಪ್ಪಿಗೆಯನ್ನು ಏಳು ದಿನದೊಳಗೆ ಇದೇ ವಿಳಾಸದಿಂದ ತಿಳಿಸುವ ಬಗ್ಗೆ.’

ರಾಯರು ವಿಷಯ ಓದಿ, ಕಣ್ಣೊರೆಸಿಕೊಂಡು, ರಜಿಸ್ಟರಿಗೆ ಏರಿಸಿದರು. ಆವಕ ಸಂಖ್ಯೆ 1847. ಅಂದು ಉತ್ತರ ಹೋಗುತ್ತಿದ್ದದ್ದು 1217ಕ್ಕೆ.

“ಅಪ್ಪಾ, ನಲವತ್ತೆರಡು ದಿನಾ ಬೇಕಾಗ್ತದ,” ಎಂದಳು ಹರಿಪ್ರಿಯಾ.

“ಹೌದವಾ. ನಿನ್ನ ಲೆಕ್ಕ ಎಂದೂ ತಪ್ಪೂದಿಲ್ಲ,” ಎಂದರು ರಾಯರು.

ಅವಳು ನನ್ನ ಮನೆಗೆ ಬಂದಳು. “ಕಾಕಾ, ನೀವರೆ ಹೇಳ್ರಿ” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ನೆಟ್ಟಗೆ ಹೇಳಿದೆ: “ರಾಯರ, ಆಕಿ ಮುಂದ ಇರೋ ಆರನೂರಾ ಮೂವತ್ತು ಮಂದಿ ಅಷ್ಟೂ ಕಳ್ಳರದಾರ್ರಿ.”

“ಕಳ್ಳರಿಗೂ ಪಾಳಿ ಅನ್ನೂದು ಇರ್ತದ, ಸೋಮಪ್ಪ. ಮೂವತ್ತನಾಕು ವರ್ಷದಾಗ ನನ್ನ ಟೇಬಲ್ ಮ್ಯಾಲಿಂದ ಒಂದು ಕಾಗದ ಪಾಳಿ ಬಿಟ್ಟು ಹೋಗಿಲ್ಲ. ಈಗ ಮಗಳಂತ ಮುಂದ ಹಾಕಿದ್ರ ಅವರಿಗೆಲ್ಲಾ ಏನಂತ ಮಾರಿ ತೋರಸ್ಲಿ?”

ಅವತ್ತು ಏಕಾದಶಿ ಅಲ್ಲದಿದ್ದರೂ ರಾಯರು ಊಟ ಮಾಡಲಿಲ್ಲ. ಮಗಳ ಕೆಲಸ ಹೋಗುತ್ತದೆಂಬ ಸಂಕಟ ಆ ಮನುಷ್ಯನಿಗೆ ಎಲ್ಲರಿಗಿಂತ ಹೆಚ್ಚಿತ್ತು. ನಿಯಮದಲ್ಲಿ ಸಂಕಟಕ್ಕೆ ಕಾಲಂ ಇರಲಿಲ್ಲ, ಅಷ್ಟೆ.

ಐದನೆಯ ದಿನ ಹರಿಪ್ರಿಯಾ ನೀರು ಕುಡಿಯಲು ಅಡುಗೆಮನೆಗೆ ಹೋದವಳು ಬಾಗಿಲಿನ ಪ್ರಕಟಣೆಯ ಮುಂದೆ ನಿಂತುಬಿಟ್ಟಳು. ಎರಡು ಸಲ ಓದಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನೂ ಎಬ್ಬಿಸಿಕೊಂಡು ಕಿತ್ತೂರಿನ ಬಸ್ಸು ಹತ್ತಿದಳು.

ಶಾಲೆಯ ಮುಖ್ಯಾಧ್ಯಾಪಕರು ನಿಜಗುಣಪ್ಪ ಎಂಬವರು. ಎಲ್ಲ ಕೇಳಿದ ಮೇಲೆ ಅವರು, “ಒಪ್ಪಿಗಿ ಕೈಯಾಗ ತಗೊಳ್ಳಾಕ ನಮ್ಮಲ್ಲಿ ನಿಯಮ ಇಲ್ಲ ನೋಡವಾ,” ಎಂದರು. ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಆದ್ರ ವಿಷಯ ಅಂತ ಏನ್ ಬರೀಬೇಕು ಅನ್ನೂದು ನಿಯಮದಾಗ ಎಲ್ಲೂ ಇಲ್ಲ. ಹೇಳು, ಏನ್ ಬರೀಲಿ?”

ಹರಿಪ್ರಿಯಾ ಬೋರ್ಡಿನ ಮೇಲೆ ಪ್ರಮೇಯ ಬರೆಸುವವಳ ಹಾಗೆ ನಿಧಾನವಾಗಿ ಹೇಳಿದಳು: “ನಿಮ್ಮ ಊರಿನ ಒಂಟಿ ಯುವತಿ ನಿಮಗಾಗಿ ಕಾಯುತ್ತಿದ್ದಾಳೆ. ಕೂಡಲೇ ಒತ್ತಿ.”

ನಿಜಗುಣಪ್ಪನವರು ಚಷ್ಮಾ ಏರಿಸಿಕೊಂಡು ಟೈಪು ಮಾಡಿದರು. “ಇದಕ್ಕ ಉಲ್ಲೇಖ ಹಾಕಬೇಕೇನ್ರಿ?” ಎಂದು ನನ್ನ ಕಡೆ ನೋಡಿದರು.

“ಹಾಕ್ರಿ ಸರ್. ಉಲ್ಲೇಖ ಇಲ್ಲದ ಕಾಗದ ರಾಯರಿಗೆ ಸೇರೂದಿಲ್ಲ.”

ನಾವು ಸಂಜೆ ಐದಕ್ಕೆ ಮರಳಿದಾಗ ಸಮಿತಿ ಕೋರಂ ಇಲ್ಲದೆ ನನಗಾಗಿ ಕಾಯುತ್ತಿತ್ತು. ಯಮುನಾಬಾಯಿ ಹತ್ತಿಯ ಡಬ್ಬಿಯೊಂದಿಗೆ ಆಗಲೇ ಕೂತಿದ್ದರು. “ಮತ್ತ ಬಂದಾಳ ನೋಡ್ರಿ ಆಕಿ. ಮನಿಗೆ ಹೋಗಂದ್ರೂ ಹೋಗಿಲ್ಲ,” ಎಂದರು. ರಾಯರು ಟಪಾಲು ತೆರೆದರು. ನಿಯಮದ ಪ್ರಕಾರ ಪೂರ್ತಿ ಓದಿದರು. ಒಳಗಿದ್ದದ್ದು ಕಿತ್ತೂರಿನ ಶಾಲೆಯ ಸಂದರ್ಶನದ ಪತ್ರ. ಬತ್ತಿ ಹೊಸೆಯುವ ಕೈ ನಿಂತಿತು.

“ವಿಷಯಕ್ಕೂ ಒಳಗಿನ ಒಕ್ಕಣಿಗೂ ತಾಳಮೇಳ ಇಲ್ಲ,” ಎಂದರು ರಾಯರು. “ಆದ್ರ ಸಮಿತಿ ಮುಂದ ಬಂದದ್ದನ್ನ ದೀಪಾ ಹಚ್ಚೂದ್ರೊಳಗ ವಿಲೇವಾರಿ ಮಾಡ್ಲಿಕ್ಕೇ ಬೇಕಲ್ಲಾ?”

“ಮಾಡ್ಲಿಕ್ಕೇ ಬೇಕು,” ಎಂದರು ಅಧ್ಯಕ್ಷರು. “ಲಗೂನ ಮಾಡ್ರಿ, ಹೊತ್ತು ಮುಳಗ್ಲಿಕ್ಕೆ ಹತ್ತೇದ.”

ರಾಯರು ಒಪ್ಪಿಗೆ ಬರೆದರು. ಮೂರು ಸಲ ತಪ್ಪಿ, ಮೂರು ಸಲ ತಿದ್ದಿದರು. ನಾನು ಒತ್ತಿದೆ. ನನ್ನ ಸೇವಾವಧಿಯಲ್ಲಿ ಅಷ್ಟು ಸಂತೋಷದಿಂದ ಯಾವ ಕಾಗದವನ್ನೂ ಹೊರಗೆ ಕಳಿಸಿದವನಲ್ಲ.

ಹರಿಪ್ರಿಯಾಳಿಗೆ ಕೆಲಸ ಸಿಕ್ಕಿತು. ನಲವತ್ತೆರಡನೆಯ ದಿನ 1847ರ ಪಾಳಿ ಬಂದಾಗ, “ಸದರಿ ವಿಷಯವು ಯುವತಿಯ ಮೂಲಕ ಇತ್ಯರ್ಥವಾಗಿರುತ್ತದೆ” ಎಂದು ಶಾಲೆಗೆ ಉತ್ತರ ಹೋಯಿತು. ಅವರು ಫೈಲಿಗೆ ಹಾಕಿಕೊಂಡರು.

ಸುದ್ದಿ ಹೇಗೋ ಊರಲ್ಲಿ ಹಬ್ಬಿತು. ಹಬ್ಬಿಸಿದ್ದು ನಾನೇ. ಈಗ ಗ್ಯಾಸಿನವರು ರಾಯರಿಗೆ ಬರೆಯುವಾಗ ‘ಇಂದು ಒಬ್ಬರೇ ಇದ್ದೀರಾ?’ ಎಂದು ಶುರು ಮಾಡುತ್ತಾರೆ. ಪಿಂಚಣಿಯವರು ಬದುಕಿದ್ದೀರೆಂಬ ಪ್ರಮಾಣಪತ್ರ ಕೇಳುವುದು ‘ಗಂಡಸುತನಕ್ಕೆ ಹೊಸ ಚೈತನ್ಯ’ ಎಂಬ ವಿಷಯದಡಿ. ರಾಮದುರ್ಗದ ನೆಂಟರ ಮನೆಯ ಮುಂಜಿಯ ಆಮಂತ್ರಣಕ್ಕಿದ್ದ ವಿಷಯದ ಸಾಲನ್ನು ಬಾಹ್ಯ ಸದಸ್ಯನಾಗಿ ನಾನು ಇಲ್ಲಿ ಬರೆಯುವಂತಿಲ್ಲ. ಎಲ್ಲರೂ ಹೋಗಿ ಊಟ ಮಾಡಿ ಬಂದೆವು. ಇತ್ತ ಕಸದ ಕಂಪನಿಗಳು ಮರ್ಯಾದಸ್ಥರಂತೆ ಕಾಣಲೆಂದು ‘ಸಂದರ್ಶನದ ಬಗ್ಗೆ’, ‘ವಾರ್ಷಿಕ ಸಭೆಯ ಬಗ್ಗೆ’ ಎಂದು ಬರೆಯತೊಡಗಿವೆ. ಅವೆಲ್ಲ ಸರದಿಯಲ್ಲಿ ತಣ್ಣಗೆ ಕೂತಿವೆ. ಒಟ್ಟಿನಲ್ಲಿ ಮನೆಯಲ್ಲಿ ಹೊಲಸು ಟಪಾಲಿನ ಕಾಟ ಸಂಪೂರ್ಣ ನಿವಾರಣೆಯಾಗಿದೆ.

ಹರಿಪ್ರಿಯಾ ಈಗ ಕಿತ್ತೂರಿನಲ್ಲೇ ಕೋಣೆ ಹಿಡಿದಿದ್ದಾಳೆ. ಕಳೆದ ಬುಧವಾರ ಒಂದು ಟಪಾಲು ಬಂತು. ವಿಷಯ: ‘ನಾಚಿಕೆ ಬಿಟ್ಟು ಒಮ್ಮೆ ಒತ್ತಿ.’ ರಾಯರು ಕಣ್ಣಿಗೆ ಚಷ್ಮಾ ಹುಡುಕುವಷ್ಟರಲ್ಲಿ ಯಮುನಾಬಾಯಿ ಒಲೆ ಆರಿಸಿ ಓಡಿ ಬಂದರು. ಒಳಗೆ ಹೀಗಿತ್ತು:

“ಅಪ್ಪಾ, ಬಿ.ಪಿ. ಗುಳಿಗಿ ತಪ್ಪದ ತಗೋಳಿಕ್ಕೆ ಹತ್ತೀರಿಲ್ಲೋ? ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರತೇನಿ. ಅವ್ವಾ, ಮಾದಲಿ ಮಾಡು.”

ಅಧ್ಯಕ್ಷರು ಅದನ್ನು ಎರಡು ಸಲ ಓದಿಸಿದರು. ರಾಯರು ಟಿಪ್ಪಣಿ ಬರೆದರು: “ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿತು. ಆಕ್ಷೇಪಾರ್ಹವಾದುದು ಕಂಡುಬಂದಿಲ್ಲ. ಇಂಥ ಹೊಲಸು ಟಪಾಲು ವಾರಕ್ಕೆ ಎರಡಾದರೂ ಬರತಕ್ಕದ್ದು. ಮಾದಲಿಯ ಸಿಹಿಗೆ ಬೆಲ್ಲ ತರಿಸಲು ಅನುಮೋದಿಸಿದೆ.”

ನಾನು ಸಹಿ ಮಾಡಿ, ಬೆಲ್ಲ ತರಲು ಹೋದೆ.