ಬಾಬುವಿಗೆ ಬಂದ ಸಂಬಂಧ

ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ವಿಜೇತಾಳಿಗೆ ಸಿಟ್ಟು ಬರುತ್ತಿತ್ತು. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಬಾಯಿಯಿಂದ ಹೊರಗೆ ಬರುವುದಿಲ್ಲ, ಅಷ್ಟೆ. ಹಿರಿಯಡ್ಕದ ಅವಳ ಮನೆಯ ಜಗಲಿಗೆ ಸಂಜೆ ಐದಕ್ಕೆ ಟ್ಯೂಷನ್ನಿಗೆ ಬರುವ ಎಂಟು ಮಕ್ಕಳೂ ದನದ ಮೇಲೆ ಒಂದು ಪುಟ ಪ್ರಬಂಧ ಬರೆಯಬಲ್ಲರು. ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ, ಒಂದೂ ತಪ್ಪಿಲ್ಲ. ಆದರೆ 'ವಾಟ್ ಡಿಡ್ ಯು ಈಟ್ ಟುಡೇ?' ಎಂದು ಕೇಳಿದಿರೋ, ಎಂಟೂ ಮಕ್ಕಳು ತಲೆಯೆತ್ತಿ ಮಾಡಿನ ಹಂಚು ಎಣಿಸಲು ತೊಡಗುತ್ತಿದ್ದರು.

"ಪಾಪ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಲ್ಲಿ ನೀನು. ಎಷ್ಟು ಅಂತ ತಡೆದುಕೊಳ್ಳುವುದು ಮಾರಾಯ್ತಿ?" ಎನ್ನುತ್ತಿದ್ದ ಗಂಡ ಹರ್ಷಿತ್. ಅವನು ಮಣಿಪಾಲದ ಹಾಸ್ಟೆಲೊಂದರಲ್ಲಿ ವಾರ್ಡನ್. ಎಲ್ಲೆಲ್ಲಿಂದಲೋ ಬಂದ ಹುಡುಗರ ಹತ್ತಿರ ದಿನವಿಡೀ ತಪ್ಪು ತಪ್ಪು ಇಂಗ್ಲಿಷ್ ಮಾತಾಡಿ ಸರಿಯಾಗಿ ಕೆಲಸ ಮಾಡಿಸಿಕೊಂಡು ಬರುವವನು. ಹಾಗಾಗಿ ಹೆಂಡತಿಯ ಶುದ್ಧ ಇಂಗ್ಲಿಷಿನ ಮೇಲೆ ಅವನಿಗೆ ಮೊದಲಿನಿಂದಲೂ ಒಂದು ಅಸಡ್ಡೆ.

ಎಂಟರಲ್ಲೂ ವಿಜೇತಾಳ ನಿದ್ದೆ ಕೆಡಿಸಿದವಳು ಮೋಕ್ಷಾ. ಮೂರನೇ ಕ್ಲಾಸಿನ ಹುಡುಗಿ. ಇಂಗ್ಲಿಷ್ ಹಾಗಿರಲಿ, ತುಳುವಿನಲ್ಲಾದರೂ ಅವಳು ಹತ್ತು ಮಾತು ಒಟ್ಟಿಗೆ ಆಡಿದ್ದನ್ನು ಕೇಳಿದವರಿಲ್ಲ. ಡಾಕ್ಟರಿಗೆ ತೋರಿಸಿದ್ದರು, ಕಿವಿ ಸರಿ, ಗಂಟಲು ಸರಿ. "ಮಾರ್ಕು ಬರದಿದ್ದರೂ ತೊಂದರೆ ಇಲ್ಲ ಟೀಚರ್, ಇವಳು ಒಂದು ಬಾಯಿ ಬಿಟ್ಟರೆ ಸಾಕು" ಎಂದು ಅವಳ ಅಮ್ಮ ಸೇರಿಸುವ ದಿನವೇ ಕಣ್ಣು ತುಂಬಿಕೊಂಡಿದ್ದಳು. ಆ ಬಾಯಿಯನ್ನು ತಾನೇ ಬಿಡಿಸುತ್ತೇನೆಂದು ವಿಜೇತಾ ಅವತ್ತೇ ಮನಸ್ಸಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿದ್ದಳು.

ದಾರಿ ಸಿಕ್ಕಿದ್ದು ಮಣಿಪಾಲದಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ. ಮಕ್ಕಳಿಗೆ ಸಣ್ಣದೊಂದು ದೆವ್ವದ ಕಥೆ ಹೇಳಿ, ಮಾತುಗಳು ಮತ್ತೆ ಮತ್ತೆ ಬರುವ ಹಾಗೆ ಹೇಳಿ, ನಿಮ್ಮ ಮನೆಯಲ್ಲೇ ನಡೆದದ್ದು ಅನ್ನಿ. ಹೆದರಿದ ಮಗು ಮಾತಾಡದೆ ಇರುವುದಿಲ್ಲ ಎಂದರು ತರಬೇತಿಯವರು. ಅವರು ಎಲ್ಲಿಯವರೋ, ನಮ್ಮ ಕಡೆಯ ಮಕ್ಕಳ ವಿಷಯ ಅವರಿಗೇನು ಗೊತ್ತು? ವಿಜೇತಾಳಿಗಾದರೂ ಗೊತ್ತಿರಬೇಕಿತ್ತು.

ಮರುದಿನವೇ ಅವಳು ಕಥೆ ಕಟ್ಟಿದಳು. 'ಇನ್ ಮೈ ಹೌಸ್ ದೇರ್ ಈಸ್ ಎ ಘೋಸ್ಟ್. ಹಿಸ್ ನೇಮ್ ಈಸ್ ಬಾಬು.' ಬಾಬು ದಿನಾ ಬಂದು ಬಾಗಿಲು ಬಡಿಯುತ್ತಾನೆ. 'ಹೂ ಈಸ್ ದೇರ್?' ಎಂದು ಒಳಗಿನವರು ಕೇಳುತ್ತಾರೆ. 'ಇಟ್ ಈಸ್ ಮಿ, ಬಾಬು. ಪ್ಲೀಸ್ ಓಪನ್ ದ ಡೋರ್.' ಆಗ ಮಕ್ಕಳೆಲ್ಲ ಒಟ್ಟಾಗಿ 'ನೋ! ನೋ! ನೋ!' ಎಂದು ಕೂಗಬೇಕು. ಕೂಗಿದರು! ಆಚೆಮನೆಯ ಇವಾನ್ ಅಂತೂ ಜಗಲಿಯ ಕಂಬ ಅಲುಗಾಡುವಷ್ಟು ಕೂಗಿದ.

ಒಳಗೆ ಅಲಸಂಡೆ ಮುರಿಯುತ್ತಿದ್ದ ಅತ್ತೆ ಅಕ್ಕು (ಊರ ರೂಢಿಯಂತೆ ವಿಜೇತಾಳಿಗೆ 'ಮಾಮಿ') ಹೊರಗೆ ಬಂದು ನಿಂತರು.

"ಇಲ್ಲದ ಕುಲೆಯನ್ನು ಯಾಕೆ ಮನೆಗೆ ಕರೀತಿ? ಇರುವವರನ್ನು ನೋಡಿಕೊಳ್ಳುವುದೇ ಸಾಕಾಗಿದೆ."

"ಇದು ಸಂವಹನ ಕೌಶಲ ಸಂವರ್ಧನಾ ಚಟುವಟಿಕೆ ಮಾಮಿ."

"ಏನಾದರೂ ಆಗಲಿ. ಕರೆದ ಮೇಲೆ ಹೊರಗೆ ನಿಲ್ಲಿಸಬೇಡ" ಎಂದು ಅಕ್ಕು ಒಳಗೆ ಹೋದರು.

ಮೂರನೆಯ ದಿನ ಎಲ್ಲರೂ 'ನೋ ನೋ' ಎಂದು ಕೂಗಿ ಸುಮ್ಮನಾದ ಮೇಲೆ ಮೂಲೆಯಿಂದ ಒಂದು ಸಣ್ಣ ಸ್ವರ ಬಂತು. "ವೈ ನೋ?"

ಮೋಕ್ಷಾ! ವಿಜೇತಾಳ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. ಉತ್ತರ ಹೇಳುವುದು ಬಿಟ್ಟು ಆ ಮಗುವನ್ನು ತಬ್ಬಿಕೊಂಡಳು. ಅಲ್ಲಿಂದ ಮುಂದೆ ಕಟ್ಟೆ ಒಡೆಯಿತು ನೋಡಿ. ಬಾಬು ಹಂಗ್ರಿಯಾ ಎಂದು ಇವಾನ್ ಕೇಳಿದ. ಬಾಬುವಿಗೆ ಎಷ್ಟು ವರ್ಷ ಎಂದು ಮತ್ತೊಬ್ಬಳು. ಮಕ್ಕಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಾರೆಂಬ ಹುರುಪಿನಲ್ಲಿ ವಿಜೇತಾ ಬಾಯಿಗೆ ಬಂದ ಉತ್ತರ ಕೊಡುತ್ತ ಹೋದಳು. ಏಳು ವರ್ಷದಲ್ಲಿ ಸತ್ತ, ಸತ್ತು ಮೂವತ್ತು ವರ್ಷವಾಯಿತು. ಹಾಗಾದರೆ ಈಗ ಥರ್ಟಿ ಸೆವೆನ್ ಎಂದು ಮಕ್ಕಳು ಕೂಡಿಸಿದರು. ಮೋಕ್ಷಾ ಮತ್ತೆ ಎದ್ದು ನಿಂತು, "ಹಿ ಮ್ಯಾರೀಡ್?" ಎಂದಳು. ಇಲ್ಲ ಎಂದದ್ದಕ್ಕೆ, "ವಾಟ್ ಈಸ್ ಹಿಸ್ ಬರಿ?"

ಬರಿ ಎಂದರೆ ತಾಯಿಯಿಂದ ಬರುವ ಗೋತ್ರದ ಹಾಗೆ. ಒಂದೇ ಬರಿಯವರಿಗೆ ಮದುವೆ ಕೂಡದು. ಆ ಹೊತ್ತಿಗೆ ನಾಲಗೆಗೆ ಬಂದದ್ದು ಸುವರ್ಣ, ಸುವರ್ಣ ಎಂದಳು. ಮೋಕ್ಷಾ ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಎಂಥ ಶ್ರದ್ಧೆ ಎಂದು ವಿಜೇತಾ ಗಂಡನಿಗೆ ಫೋನು ಮಾಡಿ ಹೇಳಿದಳು.

ಭಾನುವಾರ ಹತ್ತು ಗಂಟೆಗೆ ರಿಕ್ಷಾವೊಂದು ಬಂದು ನಿಂತಿತು. ಇಳಿದವರು ಮೋಕ್ಷಾಳ ಅಜ್ಜಿ, ಕಾಪುವಿನಲ್ಲಿ ಮೀನು ಮಾರುವ ರತ್ನಾವತಿ, ಮತ್ತು ಅವರ ತಮ್ಮ ಶೇಖರಣ್ಣ. ಅವರ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ. ಟ್ಯೂಷನ್ನಿನ ಕೀರ್ತಿ ಕಾಪುವಿನ ತನಕ ಹಬ್ಬಿತಲ್ಲ ಎಂದು ವಿಜೇತಾ ಉಬ್ಬಿಹೋದಳು. ರಿಜಿಸ್ಟರ್ ತಂದು ಕೂತಳು.

"ಒಂದು ಹುಡುಗಿಯ ವಿಷಯ ಮಾತಾಡಲಿಕ್ಕೆ ಬಂದದ್ದು" ಎಂದರು ಶೇಖರಣ್ಣ.

"ಸಂತೋಷ. ಹೆಸರು?"

"ಕಾವ್ಯ."

"ಪ್ರಾಯ?"

"ಮೂವತ್ತೆರಡು ಆಗ್ತದೆ."

ವಿಜೇತಾ ಪೆನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಗಲ್ಫಿಗೆ ಹೋಗುವ ಏರ್ಪಾಡಿರಬೇಕು, ಕಲಿಯಲು ಪ್ರಾಯ ಉಂಟೇ? "ಎಲ್ಲಿಯವರೆಗೆ ಓದಿದ್ದಾರೆ?"

"ಶಾಲೆಗೆ ಹೋಗಲಿಕ್ಕೆ ಆಗಲಿಲ್ಲ ಟೀಚರ್ರೇ" ಎಂದರು ರತ್ನಾವತಿ. "ಮೂರು ವರ್ಷಕ್ಕೇ ಹೋದಳಲ್ಲ. ಜ್ವರ ಬಂದು."

ವಿಜೇತಾಳ ಪೆನ್ನು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಅಕ್ಕು ನೀರು, ಬೆಲ್ಲ ತಂದು ಮುಂದಿಟ್ಟರು. ಬಂದವರು ಹೆಣ್ಣಿನ ಕಡೆಯವರೆಂದು ಅವರಿಗೆ ವೀಳ್ಯದೆಲೆ ಕಂಡಾಗಲೇ ಗೊತ್ತಾಗಿತ್ತು.

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನಮ್ಮಲ್ಲಿ ತೀರಿಹೋದವರನ್ನು ಕುಲೆ ಎನ್ನುತ್ತೇವೆ. ಅವರು ಹೋದರೂ ಮನೆಯವರೇ. ಆಟಿ ತಿಂಗಳಲ್ಲಿ, ಅಂದರೆ ನಿಮ್ಮ ಆಷಾಢದಲ್ಲಿ, ಎಲೆ ಹಾಕಿ ಬಡಿಸುತ್ತೇವೆ. ಸಣ್ಣದರಲ್ಲಿ ಸತ್ತ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಸಂಬಂಧ ಹುಡುಕಿ ಮದುವೆ ಮಾಡಬೇಕು. ಗಂಡೂ ತೀರಿಹೋದವನೇ ಆಗಿರಬೇಕು, ಬರಿ ಬೇರೆ ಇರಬೇಕು, ಪ್ರಾಯ ಹೊಂದಬೇಕು. ನಗುವವರು ನಗಲಿ. ಬದುಕಿರುವವರಿಗೆ ಹುಡುಕುವುದೇ ಇದಕ್ಕಿಂತ ಸುಲಭ.

"ನಮ್ಮದು ಕರ್ಕೇರ ಬರಿ. ನಿಮ್ಮ ಬಾಬು ಸುವರ್ಣ ಅಂತ ಮಗು ಬರೆದು ತಂದಿತು. ಆಗ್ತದೆ. ಪ್ರಾಯವೂ ಸರಿ ಉಂಟು" ಎಂದರು ಶೇಖರಣ್ಣ.

"ನಾಲ್ಕು ವರ್ಷದಿಂದ ಹುಡುಕುತ್ತಾ ಇದ್ದೇವೆ" ಎಂದರು ರತ್ನಾವತಿ. "ಒಂದು ಕಡೆ ಬರಿ ಒಂದೇ ಆಯಿತು. ಮುಂಬಯಿಯವರೊಬ್ಬರು ಇದನ್ನೆಲ್ಲ ನಾವು ನಂಬುವುದಿಲ್ಲ ಅಂತ ಫೋನು ಇಟ್ಟರು. ಕಳೆದ ವರ್ಷ ಒಳ್ಳೆ ಹುಡುಗ ಒಬ್ಬ ಇದ್ದ, ಅವನಿಗೆ ಬೇರೆ ಕಡೆ ಆಗಿ ಹೋಯಿತು. ದೊಡ್ಡಮ್ಮ ಕಾವ್ಯನ ಮದುವೆ ಆಗದೆ ಮೋಕ್ಷಾ ಬಾಯಿ ಬಿಡುವುದಿಲ್ಲ ಅಂತ ಜೋಯಿಸರು ಹೇಳಿದ್ದರು. ನಿಮ್ಮ ಬಾಬುವಿನ ಸುದ್ದಿ ಬಂದದ್ದೇ ಬಂದದ್ದು, ಮಗು ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ ಟೀಚರ್ರೇ! ಇನ್ನು ಎಂತ ಸಾಕ್ಷಿ ಬೇಕು?"

ಎರಡು ದಿನದ ತರಬೇತಿ, ಮೂರು ದಿನದ ಗಂಟಲು ಹರಿಯುವ ಪಾಠ, ಎಲ್ಲದರ ಪುಣ್ಯ ಬಾಬುವಿನ ಪಾಲಾಯಿತು. ವಿಜೇತಾಳಿಗೆ ಅದು ನೋಯಲಿಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚು ನೋಯಿಸಿದ್ದು ರತ್ನಾವತಿಯ ಮುಖ. ನಾಲ್ಕು ವರ್ಷ ಹೊತ್ತ ಹೊರೆಯನ್ನು ಇನ್ನೇನು ಇಳಿಸುತ್ತೇನೆ ಎನ್ನುವವಳ ಮುಖ ಅದು. ಸುಮ್ಮನಿದ್ದುಬಿಟ್ಟರೆ ಮದುವೆ ಆಗಿಹೋಗುತ್ತದೆ, ಎಲ್ಲರಿಗೂ ಸಮಾಧಾನ. ಮಗಳನ್ನು ಯಾರೂ ಇಲ್ಲದ ಮನೆಗೆ ಕೊಟ್ಟ ಹಾಗಾಗುತ್ತದೆ, ಅಷ್ಟೆ. ವಿಜೇತಾ ಸಹಾಯಕ್ಕೆ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ಹರ್ಷಿತ್ ಗಿಡಗಳಿಗೆ ನೀರು ಹಾಕುತ್ತೇನೆಂದು ಹಿತ್ತಿಲಿಗೆ ಹೋದ. (ಹೊರಗೆ ಧೋ ಎಂದು ಮಳೆ ಹೊಯ್ಯುತ್ತಿತ್ತು.)

"ರತ್ನಕ್ಕ, ಬಾಬು ಇಲ್ಲ" ಎಂದಳು ವಿಜೇತಾ. "ಯಾವತ್ತೂ ಇರಲಿಲ್ಲ. ಮಕ್ಕಳು ಮಾತಾಡಲಿ ಅಂತ ನಾನು ಕಟ್ಟಿದ ಕಥೆ."

ಶೇಖರಣ್ಣ ಎದ್ದು ನಿಂತರು. "ಎಂತ ತಮಾಷೆ ಇದು? ಕಾಪುವಿನಿಂದ ಇಲ್ಲಿವರೆಗೆ ರಿಕ್ಷಾ ಮಾಡಿಕೊಂಡು ಬಂದವರು ಮರುಳರಾ?" ರತ್ನಾವತಿ ಅವರ ಕೈ ಹಿಡಿದು ಕೂರಿಸಿದರು.

"ಸುಳ್ಳು ಕಥೆಯಾ?" ಎಂದು ಕೇಳಿದರು. "ಏಳು ವರ್ಷದ ಮಗು ದಿನಾ ಬಂದು ಬಾಗಿಲು ಬಡಿಯುತ್ತದೆ, ಇಷ್ಟು ಮಕ್ಕಳ ಕೈಯಲ್ಲಿ ನೀವು ಬೇಡ ಬೇಡ ಅಂತ ಹೇಳಿಸ್ತೀರಿ. ಸುಳ್ಳೇ ಆಗಲಿ ಟೀಚರ್ರೇ, ಬಾಗಿಲು ತೆಗೆಯಬಹುದಿತ್ತಲ್ಲ? ನಿಮ್ಮ ಕೈಯಲ್ಲೇ ಇತ್ತಲ್ಲ ಅದು?"

ಇಷ್ಟು ವರ್ಷದಲ್ಲಿ ವಿಜೇತಾಳಿಗೆ ಯಾವ ಪೋಷಕರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಮೋಕ್ಷಾ ಕೇಳಿದ್ದೂ ಇದನ್ನೇ ಅಲ್ಲವೇ? ಅವತ್ತು ತಾನು ಉತ್ತರ ಕೊಡದೆ ತಬ್ಬಿಕೊಂಡು ಸಂಭ್ರಮ ಪಟ್ಟದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ಎಂದಳು.

ಆಗ ಅಕ್ಕು ಗೋಡೆಗೊರಗಿ ಕೂತರು. "ಹೆಣ್ಣಿನ ಕಡೆಯವರು ಬಂದು ಬರಿಗೈಯಲ್ಲಿ ಹೋಗುವುದು ಬೇಡ. ರತ್ನಕ್ಕ, ಕಾರ್ಕಳದಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆಯಲ್ಲಿ ಒಬ್ಬ ಹುಡುಗ ಉಂಟು. ಕಿಟ್ಟ ಅಂತ. ಐದರಲ್ಲಿ ಕಾಮಾಲೆಯಾಗಿ ಹೋದ. ಇದ್ದಿದ್ದರೆ ಮೂವತ್ತಾರು. ಸಾಲ್ಯಾನ್ ಬರಿ. ಅವರೂ ಹುಡುಕುತ್ತಾ ಇದ್ದಾರೆ." ಸೊಸೆಯ ಕಡೆ ತಿರುಗಿ, "ಹೋಗಿ ಮಾತಾಡಿಕೊಂಡು ಬರುವ ಕೆಲಸ ಇವಳದ್ದು. ಬಾಯಿ ಚೆನ್ನಾಗಿ ಉಂಟಲ್ಲ" ಎಂದರು.

ಹೀಗೆ ಇಂಗ್ಲಿಷ್ ಟೀಚರು ಕಾರ್ಕಳ ಬಸ್ಸು ಹತ್ತಿ ಕುಲೆಗಳ ಮದುವೆಯ ದಲ್ಲಾಳಿಯಾದಳು. ಮೂರು ಸಲ ಹೋಗಿ ಬಂದಳು. ಸೀರೆ ತೆಗೆಯಲು ರತ್ನಾವತಿಯ ಜತೆ ಉಡುಪಿಗೂ ಹೋದಳು. ಸಣ್ಣ ಲಂಗ ಸಾಲದೇ ಎಂದು ಕೇಳಿದ್ದಕ್ಕೆ, "ಮೂವತ್ತೆರಡು ವರ್ಷದವಳಿಗೆ ಲಂಗವಾ?" ಎಂದು ಬೈಸಿಕೊಂಡಳು. ರತ್ನಾವತಿ ಎರಡು ಗಂಟೆ ಸೀರೆ ಬಿಡಿಸಿ ನೋಡಿದರು. ಅಂಗಡಿಯ ಹುಡುಗಿ ಬೇಸತ್ತು, "ಮದುಮಗಳನ್ನೇ ಕರ್ಕೊಂಡು ಬರಬಹುದಿತ್ತಲ್ಲ ಅಜ್ಜಿ, ಅವರಿಗೆ ಯಾವ ಬಣ್ಣ ಇಷ್ಟ?" ಎಂದಳು. "ಹಳದಿ ಇಷ್ಟ ಇತ್ತು" ಎಂದು ರತ್ನಾವತಿ ಹಳದಿಯನ್ನೇ ತೆಗೆದುಕೊಂಡರು. ವಿಜೇತಾ ಅಂಗಡಿಯ ಬಾಗಿಲ ಕಡೆ ಮುಖ ತಿರುಗಿಸಿ ನಿಂತಿದ್ದಳು.

ಮದುವೆ ಆಟಿಯಲ್ಲೇ ಆಯಿತು. (ಬದುಕಿರುವವರಿಗೆ ಆಟಿಯಲ್ಲಿ ಮದುವೆಯಿಲ್ಲ, ಅಡುಗೆಯವರು ಕೂಡಲೇ ಸಿಗುತ್ತಾರೆ.) ಎರಡು ಮಣೆ, ಒಂದರ ಮೇಲೆ ಜರಿಯ ಪಂಚೆ, ಇನ್ನೊಂದರ ಮೇಲೆ ಹಳದಿ ಸೀರೆ. ಎರಡು ಮನೆಯವರೂ ಯಾವ ಮದುವೆಯಲ್ಲಾದರೂ ಆಡುವ ಹಾಗೆ ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತೆಂದು ಆಡಿಕೊಂಡರು. ಧಾರೆಯ ನೀರು ಬಿಟ್ಟಾಗ ರತ್ನಾವತಿ ಗಟ್ಟಿಯಾಗಿ ಅತ್ತರು. ಹೆಣ್ಣನ್ನು ಕಳಿಸಿಕೊಡುವ ತಾಯಿ ಅಳುವಂತೆಯೇ ಅತ್ತು, ಆಮೇಲೆ ಮುಖ ತೊಳೆದುಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಮದುವೆ ಕಳೆದ ಸೋಮವಾರ ವಿಜೇತಾ ದೆವ್ವಗಳ ಸಹವಾಸಕ್ಕೆ ಕೈಮುಗಿದು, ತರಕಾರಿ ಮಾರ್ಕೆಟಿನ ದೊಡ್ಡದೊಂದು ಚಿತ್ರ ಗೋಡೆಗೆ ತೂಗುಹಾಕಿದಳು. ಇವತ್ತಿನಿಂದ ಬದನೆ, ಬೆಂಡೆ, ಟೊಮೆಟೊ. ಹಂಚು ಎಣಿಸುವ ಕೆಲಸ ಮತ್ತೆ ಶುರುವಾಯಿತು. ಒಂದು ಕೈ ಮಾತ್ರ ಮೇಲೆ ಬಂತು.

"ಟೀಚರ್," ಎಂದಳು ಮೋಕ್ಷಾ, "ಕಾವ್ಯ ದೊಡ್ಡಮ್ಮ ಮ್ಯಾರೀಡ್ ಕಿಟ್ಟ. ವೆರಿ ಗುಡ್. ಬಟ್ ಬಾಬು ಈಸ್ ಅಲೋನ್. ಹೂ ವಿಲ್ ಮ್ಯಾರಿ ಬಾಬು?"

ಎಂಟೂ ಮಕ್ಕಳು ಹಂಚು ಬಿಟ್ಟು ವಿಜೇತಾಳನ್ನೇ ನೋಡಿದರು. ಇವಾನ್ ಪೆನ್ಸಿಲ್ ಕೆಳಗಿಟ್ಟ. 'ಬಾಬು ಈಸ್ ನಾಟ್ ರಿಯಲ್.' ನಾಲ್ಕೇ ಶಬ್ದ, ಒಂದನೇ ಕ್ಲಾಸಿನವರೂ ಹೇಳುವಂಥದ್ದು. ದೊಡ್ಡವರ ಎದುರು ಕನ್ನಡದಲ್ಲಿ ಹೇಳಿದ್ದಳಲ್ಲ? ಈಗ ಅದು ಬಾಯಿಯಿಂದ ಹೊರಗೆ ಬರಲಿಲ್ಲ.

"ಒನ್ ಮಿನಿಟ್" ಎಂದು ಅಡುಗೆಮನೆಗೆ ಹೋದಳು. ಅಕ್ಕು ತೆಂಗಿನಕಾಯಿ ಹೆರೆಯುತ್ತಿದ್ದರು.

"ಮಾಮಿ, ನಗಬೇಡಿ."

"ನಗುವುದಿಲ್ಲ. ಎಂತ?"

"ನಮ್ಮ ಬಾಬುವಿಗೆ ಎಲ್ಲಿಯಾದರೂ ಒಂದು ಹುಡುಗಿ ಉಂಟಾ?"

ಅಕ್ಕು ಹೆರೆಯುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದರು.

"ಉಂಟು, ನಿಟ್ಟೆಯಲ್ಲಿ ಒಬ್ಬಳು ಒಳ್ಳೆ ಹುಡುಗಿ ಉಂಟು. ಆದರೆ ಅವರದ್ದೂ ಸುವರ್ಣ ಬರಿ. ಬಾಯಿಗೆ ಬಂದದ್ದು ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"