ಶಿಖರಕ್ಕೊಂದು ತೆಂಗಿನಕಾಯಿ

ಬೆಟ್ಟದ ಹುಚ್ಚು ಹಿಡಿದವನ ಪಕ್ಕದ ಲೇತಿನಲ್ಲಿ ಕೆಲಸ ಮಾಡಿ ನೋಡಿ, ನಗೋಕೆ ನಾಟಕ ಸಿನಿಮಾ ಏನೂ ಬೇಕಾಗಲ್ಲ. ಎಂಬತ್ತರ ದಶಕದಲ್ಲಿ, ಜಾಲಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದವನಿಗೆ ಅದು ಹಿಡಿದದ್ದು ಒಂದು ಕ್ಯಾಲೆಂಡರಿನಿಂದ. ಅದರಲ್ಲಿ ಹಿಮಾಲಯದ ಒಂದು ಶಿಖರ, ಮುರಿದ ಕೋರೆಹಲ್ಲಿನ ಹಾಗೆ ಚೂಪು. ವರ್ಷ ಕಳೆದರೂ ಆ ಹಾಳೆ ಕೀಳೋಕೆ ಬಿಡಲಿಲ್ಲ ಪುಣ್ಯಾತ್ಮ. ಅಲ್ಲೇನಿದೆಯೋ ಅಂದರೆ, ಕಾಲಿಡೋಕೆ ಜಾಗವೇ ಇಲ್ಲ, ನೋಡಿದ್ರೆ ಕಾಲು ಸುಮ್ನಿರಲ್ಲ ಗುರು, ಅನ್ನೋನು. ಅವನ ತಾಯಿ ಅತ್ತೂ ಕರೆದೂ ಕೊನೆಗೆ ಒಪ್ಪಿದರು. ಒಂದೇ ಸಲ, ಆಮೇಲೆ ಬೆಟ್ಟದ ಹೆಸರೆತ್ತಕೂಡದು ಅನ್ನೋದು ಅವರ ಷರತ್ತು.

೧. ಇಟ್ಟಿಗೆ

ಅಭ್ಯಾಸಕ್ಕೆ ಅಂತ ಬೆನ್ನಚೀಲಕ್ಕೆ ಇಟ್ಟಿಗೆ ತುಂಬಿಕೊಂಡು ಕ್ವಾರ್ಟರ್ಸ್ ಮೆಟ್ಟಿಲು ಹತ್ತಿ ಇಳಿಯೋನು. ಮೇಲಿನ ಮಹಡಿಯ ಆಂಟಿ ನೋಡಿದರು. ಹೆಂಗೂ ಮೇಲೆ ಬರ್ತೀಯಲ್ಲಪ್ಪ, ಇಟ್ಟಿಗೆ ಬದಲು ನಮ್ಮ ರೇಷನ್ ಅಕ್ಕಿ ತಗೊಂಡ್ ಬಾ ಅಂದರು. ವಾರದೊಳಗೆ ಇಡೀ ಬ್ಲಾಕಿನ ಅಕ್ಕಿ, ಗೋಧಿ ಎಲ್ಲ ಅವನ ಬೆನ್ನ ಮೇಲೆ. ಒಂದು ದಿನ ಜ್ವರ ಬಂದು ಮಲಗಿದ. ನೋಡೋಕೆ ಬಂದ ಆಂಟಿ ಹಣೆ ಮುಟ್ಟಿ, "ಬೆಟ್ಟ ಹತ್ತೋರು ಹಿಂಗೆಲ್ಲ ಪ್ರಾಕ್ಟೀಸ್ ತಪ್ಪಿಸಬಾರದಪ್ಪ, ಸೀಮೆಎಣ್ಣೆ ಬಂದಿದೆ" ಅಂದರು.

೨. ಚಳಿ

ಮೈ ಚಳಿಗೆ ಒಗ್ಗಬೇಕಲ್ಲ. ಯಶವಂತಪುರದಲ್ಲಿ ಗುರುತಿನ ಮಂಡಿಯವರ ಕೈಕಾಲು ಹಿಡಿದು, ಆಲೂಗಡ್ಡೆ ಇಡೋ ಕೋಲ್ಡ್ ಸ್ಟೋರೇಜಿನಲ್ಲಿ ಹೋಗಿ ಕೂತ. ಮಂಕಿ ಕ್ಯಾಪು, ಕಪ್ಪು ಕನ್ನಡಕ, ಕೈಲಿ ಐಸ್ ಒಡೆಯೋ ಕೊಡಲಿ. ವಿಷಯ ಗೊತ್ತಿಲ್ಲದ ಹಮಾಲಿ ಬಾಗಿಲು ತೆಗೆದವನೇ ದಡಾರನೆ ಚಿಲಕ ಹಾಕಿ ಓಡಿದ, ಪೂಜಾರಿಯನ್ನು ಕರೆತಂದ. ಪೂಜಾರಿ ನಿಂಬೆಹಣ್ಣು ಹಿಡಿದು ಹೊರಗಿಂದಲೇ ಗದರಿಸಿದರು.

"ಯಾರು ನೀನು? ಏನು ಕೊಟ್ರೆ ಬಿಟ್ಟು ಹೋಗ್ತೀಯಾ?"

ಒಳಗಿಂದ ನಡುಗೋ ದನಿ ಬಂತು. "ಒಂದ್ ಕಾಫಿ."

೩. ಕಾಯಿ

ಹೊರಡುವಾಗ ತಾಯಿ ಒಂದು ತೆಂಗಿನಕಾಯಿ ಕೊಟ್ಟರು. ಮಗ ಕ್ಷೇಮವಾಗಿ ತುದಿ ಮುಟ್ಟಿದರೆ ಅಲ್ಲೇ ಕಾಯಿ ಒಡೆಸ್ತೀನಿ ಅಂತ ಹರಕೆ. ಜೊತೆಯವರು ಬಿಸ್ಕತ್ತಿನ ಭಾರಕ್ಕೂ ಗೊಣಗ್ತಿದ್ರೆ, ಇವನು ಜುಟ್ಟಿನ ಕಾಯಿ ಹೊತ್ತು ಹೋದ. ಹತ್ತಿಯೂ ಬಿಟ್ಟ!

ವಾಪಸು ಬಂದಾಗ ನೋಡೋಕೆ ಹೋದೆ. ಮೂಗು ಸುಟ್ಟ ಬದನೆಕಾಯಿ ಆಗಿತ್ತು. ತೆಂಗಿನಕಾಯಿ ಮಾತ್ರ ಇಡಿಯಾಗಿ ದೇವರ ಮುಂದಿತ್ತು. ಆ ಚಳಿಗೆ ಕಲ್ಲಾಗಿಬಿಡ್ತಮ್ಮ, ಎಷ್ಟು ಹೊಡೆದ್ರೂ ಒಡೀಲಿಲ್ಲ ಅಂತ ತಾಯಿಗೆ ಹೇಳಿದ್ದನಂತೆ. ಅವರು ಕಣ್ಣೊರೆಸಿಕೊಂಡು, "ಹರಕೆ ಅರ್ಧಕ್ಕೆ ಬಿಡಬಾರದು ಕಣಪ್ಪ. ಮುಂದಿನ ವರ್ಷ ಹೋಗಿ ಒಡೆದು ಬಾ" ಅಂದರು. ಇವನು ತುಂಬಾ ಸಂಕಟದ ಮುಖ ಮಾಡಿ ತಲೆಯಾಡಿಸಿದ.

ನನ್ನನ್ನು ಬಸ್ಸಿಗೆ ಬಿಡೋಕೆ ಗೊರಗುಂಟೆಪಾಳ್ಯದವರೆಗೆ ಬಂದ. ಅಲ್ಲ ಕಣೋ, ಬಂಡೆಯಂಥ ಐಸ್ ಒಡೆಯೋ ಕೊಡಲಿಗೆ ಒಂದು ಕಾಯಿ ಒಡೆಯೋಕಾಗಲಿಲ್ವಾ ಅಂತ ಕೇಳಿದೆ. ಹಿಂದೆ ಮುಂದೆ ನೋಡಿ, ಮೆಲ್ಲಗೆ ಹೇಳಿದ.

"ಒಡೆದುಬಿಟ್ಟಿದ್ರೆ ಮುಗಿದೇ ಹೋಗ್ತಿತ್ತಲ್ಲ ಗುರು."