ಹಲ್ಲಿನ ಡಾಕ್ಟರು ಕದಲುವುದಿಲ್ಲ

ಹಲ್ಲಿನ ಡಾಕ್ಟರ ಮಾತಿಗೆ ಊರಿನಲ್ಲಿ ಎದುರಾಡಿದವರಿರಲಿಲ್ಲ. ಎದುರಾಡುವುದಾದರೂ ಹೇಗೆ? ಅವರು ಮಾತು ಶುರುಮಾಡುತ್ತಿದ್ದುದೇ ಎದುರಿಗಿದ್ದವರ ಬಾಯಿಗೆ ಹತ್ತಿ ತುರುಕಿದ ಮೇಲೆ. ರಾಜಕೀಯವಿರಲಿ, ರಸ್ತೆಗುಂಡಿಯಿರಲಿ, ಡಾಕ್ಟರು ತೀರ್ಪು ಕೊಡುವರು. ಕುರ್ಚಿಯಲ್ಲಿ ಒರಗಿದವರು "ಆ" ಎನ್ನುವರು. ಅದನ್ನು ಡಾಕ್ಟರು ಒಪ್ಪಿಗೆಯೆಂದೇ ಎಣಿಸುವರು. ವರ್ಷಗಟ್ಟಲೆ ಹೀಗೆ ಒಪ್ಪಿಗೆ ಕೇಳಿ ಕೇಳಿ, ತಾವು ಹೇಳಿದ್ದು ತಪ್ಪಾಗಲು ಸಾಧ್ಯವೇ ಇಲ್ಲವೆಂಬ ನಂಬಿಕೆ ಅವರಲ್ಲಿ ಬೇರೂರಿತ್ತು. (ಬೇರು ಎಷ್ಟು ಆಳಕ್ಕಿಳಿಯುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.)

ಅವರ ಕೈಗೆ ಸಿಗದ ಬಾಯಿ ಊರಲ್ಲಿ ಒಂದೇ. ಹೆಂಡತಿಯ ಹಲ್ಲುಗಳು ದೇವರ ದಯೆಯಿಂದ ಗಟ್ಟಿಯಾಗಿದ್ದವು.

ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಇತ್ತಲೇ ಬರುತ್ತಿದೆ ಎಂದು ನಗರಸಭೆ ಸಾರಿತು. ಹೋದ ವರ್ಷವೂ ಹೀಗೆಯೇ ಸಾರಿ, ಅಂಗಡಿಗಳನ್ನೆಲ್ಲ ಮುಚ್ಚಿಸಿತ್ತು. ಕೊನೆಗೆ ಹಗ್ಗದ ಮೇಲಿನ ಬಟ್ಟೆ ಒಣಗುವಷ್ಟು ಗಾಳಿಯೂ ಬೀಸಿರಲಿಲ್ಲ. ಈ ಸಲವಂತೂ ಮರಗಳನ್ನು ಕಡಿದು ಬೋಳು ಮಾಡಿದರು, ಉದ್ಯಾನದ ಕಲ್ಲಿನ ಪ್ರತಿಮೆಗೂ ಹಗ್ಗ ಬಿಗಿದರು. ತೀರದ ಬೀದಿಗಳವರೆಲ್ಲ, ಡಾಕ್ಟರ ಮನೆಯವರೂ ಸೇರಿ, ಶಾಲೆಯ ಕಟ್ಟಡಕ್ಕೆ ಹೋಗಬೇಕು, ಖಾಲಿಯಾದ ಮನೆಗಳ ಕಿಟಕಿ ಬಾಗಿಲಿಗೆ ನಗರಸಭೆಯ ಬಡಗಿ ಹೊರಗಿನಿಂದ ಹಲಗೆ ಹೊಡೆಯುತ್ತಾನೆ ಎಂದು ಆಜ್ಞೆಯೂ ಆಯಿತು.

"ಒಂದು ಹಲ್ಲು ಜುಮ್ಮಂದ್ರೆ ಮೂವತ್ತೆರಡನ್ನೂ ಕೀಳಿಸ್ಕೊಳ್ಳೋ ಜನ ಇವರು," ಎಂದರು ಡಾಕ್ಟರು, ಕುರ್ಚಿಗೆ ಬಂದವರಿಗೆಲ್ಲ. "ನಾನಂತೂ ಮನೆ ಬಿಟ್ಟು ಕದಲಲ್ಲ. ಕದಲಿದ್ರೆ ಈ ಜನ್ಮದಲ್ಲಿ ಇನ್ನು ನಗರಸಭೆ ವಿಷಯ ಎತ್ತಲ್ಲ."

ಎಲ್ಲರೂ "ಆ" ಎಂದರು. ಹತ್ತಿ ತೆಗೆದ ಮೇಲೆ ಹೊರಗೆ ಹೋಗಿ ಊರಿಗೆಲ್ಲ ಹೇಳಿದರು. ಇನ್ನು ಡಾಕ್ಟರು ಹಿಂದೆ ಸರಿಯುವಂತಿರಲಿಲ್ಲ.

ಮನೆಯಲ್ಲಿ ಹೆಂಡತಿ ಚೀಲಗಳನ್ನು ತುಂಬುತ್ತಿದ್ದಳು. "ರೀ, ಮೊಬೈಲ್ ಚಾರ್ಜಿಗೆ ಹಾಕಿ. ಮಧ್ಯಾಹ್ನ ಕರೆಂಟ್ ತೆಗೀತಾರಂತೆ."

"ತೆಗೀಲಿ ಬಿಡು. ಹೆದರಿಕೊಂಡವರಿಗೆ ಬೇಕು ಚಾರ್ಜು."

"ಆ ರಸ್ಕಿನ ಡಬ್ಬಿ ಭಾರ ಇದೆ, ಬರುವಾಗ ನೀವೇ ತನ್ನಿ."

ಡಾಕ್ಟರು ಒಂದು ರಸ್ಕನ್ನು ಮೇಜಿನ ಮೇಲೆ ಕುಟ್ಟಿ ನೋಡಿದರು. "ಗಾಳಿಗೆ ಮನೆ ಬಿದ್ರೆ ಇದರಲ್ಲೇ ಗೋಡೆ ಎಬ್ಬಿಸಬಹುದು."

ಅವಳು ನಗಲಿಲ್ಲ. "ನಿಮಗೆ ತಮಾಷೆ. ನನಗೆ ನಿಜವಾಗ್ಲೂ ಭಯ ಆಗ್ತಿದೆ ಕಣ್ರೀ. ಮನೆ ಹೋದ್ರೆ ಹೋಯ್ತು. ನೀವು ಬರ್ತೀರಿ ತಾನೆ?"

ಅವಳ ಕಣ್ಣು ತುಂಬಿತ್ತು. ಡಾಕ್ಟರಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ, "ಎಲ್ಲಾ ಬಾಗಿಲು ಹಾಕ್ಕೊಂಡು ನಿನ್ನ ಹಿಂದೇನೇ ಬರ್ತೀನಿ, ಹೋಗು," ಎಂದು ಸುಳ್ಳು ಹೇಳಿದರು. ಅವಳು ನಂಬಿದಳು. ಗೇಟಿನ ಹತ್ತಿರ ಸಿಕ್ಕಿದ ಬಡಗಿಗೆ, "ಇವರು ಹೊರಟ ಮೇಲೆ ಭದ್ರವಾಗಿ ಹಲಗೆ ಹೊಡಿಯಪ್ಪ," ಎಂದು ಹೇಳಿ ಹೋದಳು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. "ಡಾಕ್ಟ್ರೇ, ಒಳಗಿದ್ದೀರಾ?" ಎಂದ ಬಡಗಿ.

ಇದ್ದೇನೆ ಎಂದರೆ ಶಾಲೆಗೆ ಎಳೆದುಕೊಂಡು ಹೋಗುತ್ತಾರೆ. ಡಾಕ್ಟರು ಬಚ್ಚಲುಮನೆಗೆ ಜಾರಿ, ಬಕೆಟ್ಟಿನ ಪಕ್ಕ ಉಸಿರು ಬಿಗಿಹಿಡಿದು ನಿಂತರು. ಬುದ್ಧಿ ಬಂದಾಗಿನಿಂದ ಅವರು ಉತ್ತರ ಕೊಡದೆ ಬಿಟ್ಟ ಪ್ರಶ್ನೆ ಅದೊಂದೇ. ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಪೆಟ್ಟು ಕೇಳಿಸಿತು. ಪಾಪ, ಪಕ್ಕದ ಮನೆಗೆ ಹೊಡೆಯುತ್ತಿದ್ದಾನೆ ಎಂದು ಕನಿಕರಪಟ್ಟರು.

ಹೊರಬಂದು ನೋಡಿದರೆ ತಮ್ಮದೇ ಮನೆಯಲ್ಲಿ ಕೋಣೆ ಕೋಣೆಯೂ ಕತ್ತಲು. ಬಾಗಿಲು ಬಡಿಯಲು ಕೈ ಎತ್ತಿದರು. ಬಡಿದರೆ ಬಡಗಿ ತೆಗೆಯುತ್ತಾನೆ, ತೆಗೆದರೆ ಶಾಲೆ, ಶಾಲೆಯ ತುಂಬ ತಮ್ಮ ರೋಗಿಗಳು. ಎತ್ತಿದ ಕೈ ಇಳಿಸಿದರು. ಬಡಗಿಯ ಹೆಜ್ಜೆಸದ್ದು ದೂರವಾಯಿತು.

ಆಮೇಲೆ ಗಾಳಿ ಬಂತು. ಕಣ್ಣಿಗೆ ಏನೂ ಕಾಣದ ಮನೆಯಲ್ಲಿ ಕಿವಿಗೆ ಎಲ್ಲವೂ ದೊಡ್ಡದಾಗಿಯೇ ಕೇಳಿಸುತ್ತದೆ. ಎಲ್ಲೋ ಒಂದು ತಗಡು ಪಟಪಟನೆ ಬಡಿದುಕೊಂಡಿತು. ಚಾವಣಿಯೇ ಹಾರಿತೆಂದು ಡಾಕ್ಟರು ಊಟದ ಮೇಜಿನ ಕೆಳಗೆ ಸೇರಿದರು. ಮೊಬೈಲ್ ಸತ್ತಿತ್ತು. ಅವಳು ಪಕ್ಕದಲ್ಲಿದ್ದು ಬೈಯುತ್ತಿದ್ದರೂ ಸಾಕಿತ್ತು ಅನ್ನಿಸಿತು. ಹೆದರಿದಾಗ ಅವರಿಗೆ ಹಸಿವು ಹೆಚ್ಚು. ಕೈಗೆ ಸಿಕ್ಕಿದ್ದು ರಸ್ಕಿನ ಡಬ್ಬಿ.

ಕಟಕ್ ಎಂದಿತು. ಆ ಸದ್ದನ್ನು ಅವರು ಎಷ್ಟೋ ಬಾಯಿಗಳಲ್ಲಿ ಕೇಳಿದ್ದರು, ತಮ್ಮದರಲ್ಲಿ ಕೇಳಿದ್ದು ಇದೇ ಮೊದಲು. ದವಡೆಹಲ್ಲು ಎರಡು ಹೋಳು. ಮಾನ ಮರ್ಯಾದೆ ಬದಿಗಿಟ್ಟು ಕೂಗಿಕೊಂಡರು. ಕೇಳುವವರು ಬೀದಿಯಲ್ಲಿ ಯಾರೂ ಇರಲಿಲ್ಲ. ನಗರಸಭೆಯ ಸಿದ್ಧತೆ ಅಷ್ಟು ಪಕ್ಕಾ ಆಗಿತ್ತು.

ಅತ್ತ ಶಾಲೆಯಲ್ಲಿ ಗಂಡ ಬಾರದಿದ್ದುದನ್ನು ಕಂಡು ಹೆಂಡತಿ ಅಧಿಕಾರಿಗಳ ಜೀವ ಹಿಂಡಿದಳು. ಅಷ್ಟರಲ್ಲಿ ಚಂಡಮಾರುತ ಸಮುದ್ರದಲ್ಲೇ ಬೇರೆ ದಿಕ್ಕು ಹಿಡಿದಿತ್ತು. ಊರಿಗೆ ಬಂದದ್ದು ಬರೀ ಮಳೆಗಾಳಿ. ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು. ಆದರೆ ರಕ್ಷಣಾ ದಳದ ನಿಯಮದಲ್ಲಿ ದೋಣಿ ಇತ್ತು. ದೋಣಿ ತೇಲದಿದ್ದುದರಿಂದ ದಳದವರು ಅದನ್ನು ಹೆಗಲ ಮೇಲೆ ಹೊತ್ತು, ಸಂಜೆಯ ಹೊತ್ತಿಗೆ ಬಂದರು. ಕೊಡಲಿಯಿಂದ ಬಾಗಿಲು ಒಡೆದು ಡಾಕ್ಟರ ತಲೆಗೊಂದು ಹೆಲ್ಮೆಟ್ ಹಾಕಿದರು.

"ನಡ್ಕೊಂಡೇ ಬರ್ತೀನಪ್ಪ," ಎಂದು ಡಾಕ್ಟರು ಕೆನ್ನೆ ಹಿಡಿದುಕೊಂಡು ಗೊಣಗಿದರು.

"ದೋಣಿಯಲ್ಲಿ ಕೂತ್ಕೊಳ್ಳಿ ಸಾರ್. ನಿಯಮ."

ಹೀಗೆ ಮನೆ ಬಿಟ್ಟು ಕದಲುವುದಿಲ್ಲ ಎಂದವರು ದೋಣಿಯೊಳಗೆ ಕೂತು, ನಾಲ್ಕು ಜನರ ಹೆಗಲ ಮೇಲೆ ಬೀದಿ ಬೀದಿ ಹಾದು ಶಾಲೆಗೆ ಬಂದರು. ಹೆಂಡತಿ ಓಡಿಬಂದು ಅವರ ತೋಳು ಹಿಡಿದು ಅತ್ತಳು. ಅತ್ತು ಮುಗಿಸಿ ಬೈದಳು.

ಮೇಯರು ಮೆಟ್ಟಿಲ ಮೇಲೆ ನಿಂತು ಗಂಭೀರವಾಗಿ ಹೇಳಿದರು: "ಸಿದ್ಧತೆ ಅತಿಯಾಯ್ತು ಅಂತ ಕೆಲವರು ಆಡಿಕೊಂಡರು. ಇವತ್ತು ಒಂದು ಜೀವ ಉಳಿದಿದೆ. ನಿಮ್ಮ ಕಣ್ಣ ಮುಂದಿದೆ."

ನೀವು ಹಲಗೆ ಹೊಡೆಯದಿದ್ದರೆ ನನ್ನನ್ನು ಉಳಿಸುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಹೇಳಲು ಡಾಕ್ಟರು ಬಾಯಿ ತೆರೆದರು. ಒಡೆದ ಹಲ್ಲಿಗೆ ಗಾಳಿ ತಾಗಿ, "ಆ..." ಎಂದಷ್ಟೇ ಹೊರಟಿತು.

"ಪಾಪ, ಇನ್ನೂ ಗಾಬರಿ ಇಳಿದಿಲ್ಲ," ಎಂದರು ಮೇಯರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಊರಿನಲ್ಲಿದ್ದ ಇನ್ನೊಬ್ಬ ಹಲ್ಲಿನ ಡಾಕ್ಟರು ಎಂದರೆ ಇವರ ಕೈಕೆಳಗೇ ಕೆಲಸ ಕಲಿತು ಬೇರೆ ಕ್ಲಿನಿಕ್ ತೆರೆದ ಹೆಣ್ಣುಮಗಳು. ಮರುದಿನ ಆಕೆ ಗುರುಗಳನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಅವರಿಂದಲೇ ಕಲಿತ ರೀತಿಯಲ್ಲಿ ಮಾತು ಶುರುಮಾಡಿದಳು.

"ನಾನಂತೂ ನಗರಸಭೆ ಮಾಡಿದ್ದೇ ಸರಿ ಅಂತೀನಿ ಸಾರ್. ಮುಂದಿನ ಸಲ ಇನ್ನೂ ಎರಡು ದಿನ ಮುಂಚೇನೇ ಹಲಗೆ ಹೊಡೀಬೇಕು. ನೀವೇನಂತೀರಿ?"

ಡಾಕ್ಟರು ಕೈ ಎತ್ತಿದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಆ," ಎಂದರು ಡಾಕ್ಟರು.

"ಒಪ್ಪಿಕೊಂಡ್ರು ನೋಡಮ್ಮ," ಎಂದಳು ಹೆಂಡತಿ.